ಸಾರಥಿ ಬಿಲ್ಲು ಹಿಡಿಯಬಾರದು

ಮ್ಯಾನೇಜರಿಗೆ, ಮಾಲೀಕರಿಗೆ, ಸಿಇಒಗೆ ಕೋಚ್ ಏಕೆ ಬೇಕು? ಹಣ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಧಾರವಾಡದ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿದರೆ ‘ಕೋಚಿಂಗ್’ ಎಂಬ ಬೋರ್ಡು ಕಣ್ಣಿಗೆ ಬೀಳದ ಬೀದಿ ಸಿಗುವುದು ಕಷ್ಟ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಟಿಇಟಿ, ಎಲ್ಲಕ್ಕೂ ಒಂದೊಂದು ಕ್ಲಾಸು. ಅಲ್ಲಿನ ಲೆಕ್ಕ ಸರಳ. ಹೇಳಿಕೊಡುವವರಿಗೆ ಉತ್ತರ ಗೊತ್ತು, ಕೂತವರಿಗೆ ಗೊತ್ತಿಲ್ಲ. ಅವರು ಹೇಳುತ್ತಾರೆ, ಇವರು ಬರೆದುಕೊಳ್ಳುತ್ತಾರೆ. ಹಾಗಾಗಿ ಐವತ್ತು ದಾಟಿದ ಕಂಪನಿ ಮುಖ್ಯಸ್ಥರೊಬ್ಬರು ‘ನನಗೊಬ್ಬ ಕೋಚ್ ಇದ್ದಾರೆ’ ಎಂದರೆ ನಮಗೆ ಸಣ್ಣಗೆ ನಗು ಬರುತ್ತದೆ. ಇಷ್ಟು ದೊಡ್ಡವರಿಗೆ ಇನ್ನೆಂಥ ಟ್ಯೂಷನ್ನು?

ಕಾರ್ಪೊರೇಟ್ ಜಗತ್ತು ‘ಎಕ್ಸಿಕ್ಯುಟಿವ್ ಕೋಚಿಂಗ್’ ಎಂದು ಕರೆಯುವ ಕೆಲಸದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಕೋಚ್ ಕೇಳುತ್ತಾರೆ, ಉತ್ತರ ಹುಡುಕುವ ಪಾಡು ಎದುರಿಗೆ ಕೂತವರದು. ಇದು ಅರ್ಥವಾಗಬೇಕಾದರೆ ವಿರಾಟಪರ್ವದ ಉತ್ತರಕುಮಾರನನ್ನು ಒಮ್ಮೆ ನೆನೆಯಬೇಕು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಗೆ ಕಾರಣನಾದವನು. ಅಂತಃಪುರದಲ್ಲಿ ಜಂಬ ಕೊಚ್ಚಿದವನು ಕೌರವರ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ. ಸಾರಥಿಯಾಗಿದ್ದ ಬೃಹನ್ನಳೆ ವೇಷದ ಅರ್ಜುನ ಅವನನ್ನು ಹಿಡಿದು ತಂದು, ಕುದುರೆಯ ಹಗ್ಗವನ್ನು ಅವನ ಕೈಗೆ ಕೊಟ್ಟು, ತಾನೇ ಬಿಲ್ಲು ಹಿಡಿದ. ಕೌರವರು ಹಿಡಿದೊಯ್ದಿದ್ದ ಗೋವುಗಳು ಮರಳಿ ಬಂದವು. ಆದರೆ ಉತ್ತರನಿಗೆ ಯುದ್ಧ ಬಂತೇ? ಕುರುಕ್ಷೇತ್ರದ ಮೊದಲ ದಿನವೇ ಅವನು ಶಲ್ಯನ ಕೈಯಲ್ಲಿ ಮಡಿದ.

ಅದೇ ಅರ್ಜುನನಿಗೆ ಆ ಯುದ್ಧದಲ್ಲಿ ಸಿಕ್ಕ ಸಾರಥಿ ‘ಆಯುಧ ಮುಟ್ಟುವುದಿಲ್ಲ’ ಎಂದು ಮೊದಲೇ ಮಾತು ಕೊಟ್ಟವನು. ಬಿಲ್ಲು ಹಿಡಿದು ಕೆಲಸ ಮುಗಿಸಿಕೊಡುವವರು ಕನ್ಸಲ್ಟೆಂಟ್. ನಿಮ್ಮ ಕೈಯಲ್ಲೇ ಬಿಲ್ಲು ಇರಲು ಬಿಟ್ಟು, ರಥವನ್ನು ನೀವು ನೋಡಲೇಬೇಕಾದ ಕಡೆಗೆ ತಿರುಗಿಸಿ ನಿಲ್ಲಿಸುವವರು ಕೋಚ್. ಇಬ್ಬರೂ ಬೇಕಾಗುವ ಸಂದರ್ಭಗಳಿವೆ. ಯಾರಿಗೆ ಹಣ ಕೊಡುತ್ತಿದ್ದೇವೆ ಎಂಬುದು ಮಾತ್ರ ಮೊದಲೇ ತಿಳಿದಿರಬೇಕು.

ಟೆನಿಸ್ ಅಂಗಳದಿಂದ ಆಫೀಸಿಗೆ

ಈ ವಿದ್ಯೆಯ ಬೇರು ಇರುವುದು ಆಟದ ಅಂಗಳದಲ್ಲಿ. ಅಮೆರಿಕದ ಟೆನಿಸ್ ಶಿಕ್ಷಕ ತಿಮೋತಿ ಗಾಲ್ವೆ 1974ರಲ್ಲಿ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಎಂಬ ಪುಸ್ತಕ ಬರೆದರು. ‘ಮೊಣಕೈ ಹೀಗಿಡು, ಕಾಲು ಹಾಗಿಡು’ ಎಂದು ಹೇಳಿದಷ್ಟೂ ಕಲಿಯುವವರು ಬಿಗಿಯಾಗುವುದನ್ನು ಅವರು ಕಂಡಿದ್ದರು. ಅದನ್ನು ಬಿಟ್ಟು, ಚೆಂಡು ನೆಲಕ್ಕೆ ಬಡಿದಾಗ ‘ಬೌನ್ಸ್’, ರ‍್ಯಾಕೆಟ್ಟಿಗೆ ತಾಗಿದಾಗ ‘ಹಿಟ್’ ಎಂದು ಬಾಯಿಬಿಟ್ಟು ಹೇಳಿಸತೊಡಗಿದರು. ಗಮನ ಚೆಂಡಿನ ಮೇಲೆ ನಿಂತಿತು, ಕೈ ತಾನಾಗಿ ಸರಿಹೋಯಿತು. ಸೂಚನೆ ಕೊಡುವುದಕ್ಕಿಂತ ಗಮನವನ್ನು ಸರಿಯಾದ ಕಡೆ ತಿರುಗಿಸುವುದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಅವರ ಪಾಠ.

ಕಾರ್ ರೇಸಿನಲ್ಲಿ ಹೆಸರು ಮಾಡಿದ್ದ ಬ್ರಿಟನ್ನಿನ ಜಾನ್ ವಿಟ್‌ಮೋರ್ ಇದನ್ನು ಕಚೇರಿಗಳಿಗೆ ತಂದರು. 1992ರಲ್ಲಿ ಬಂದ ಅವರ ‘ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್’ ಪುಸ್ತಕ ‘ಗ್ರೋ’ ಎಂಬ ನಾಲ್ಕು ಹೆಜ್ಜೆಯ ಮಾದರಿಯನ್ನು ಜನಪ್ರಿಯಗೊಳಿಸಿತು. 1995ರಲ್ಲಿ ಅಮೆರಿಕದ ಥಾಮಸ್ ಲೆನರ್ಡ್, ಈಗ ಐಸಿಎಫ್ ಎಂದೇ ಪರಿಚಿತವಾಗಿರುವ ಅಂತರರಾಷ್ಟ್ರೀಯ ಕೋಚ್‌ಗಳ ಒಕ್ಕೂಟವನ್ನು ಹುಟ್ಟುಹಾಕಿದರು. ಬೆಂಗಳೂರಿನಲ್ಲೂ ಅದರ ಶಾಖೆ ಇದೆ.

ಮೇಲೆ ಹೋದಷ್ಟೂ ಕನ್ನಡಿ ಇಲ್ಲ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ತಪ್ಪನ್ನು ತೋರಿಸುವವರಿಗೆ ಬರವಿಲ್ಲ. ಸೀನಿಯರ್ ಬೈಯುತ್ತಾರೆ, ಪಕ್ಕದವರು ಕಾಲೆಳೆಯುತ್ತಾರೆ, ಗ್ರಾಹಕರು ಫೋನಿನಲ್ಲೇ ಝಾಡಿಸುತ್ತಾರೆ. ಮೇಲೇರಿದಂತೆ ಈ ಸದ್ದೆಲ್ಲ ಅಡಗುತ್ತದೆ. ಕೈಕೆಳಗಿನವರಿಗೆ ಅಪ್ರೈಸಲ್ ಭಯ, ಸಮಾನ ಹುದ್ದೆಯವರು ಪೈಪೋಟಿಯಲ್ಲಿದ್ದಾರೆ, ಮೇಲಿನವರಿಗೆ ಅಂಕಿಅಂಶ ಸಾಕು. ಮನೆಯಲ್ಲಿ ಹೇಳಿಕೊಂಡರೆ ‘ನೀವು ಸರಿ, ಅವರೇ ಹಾಗೆ’ ಎಂಬ ಸಮಾಧಾನ ಸಿಗುತ್ತದೆ. ಹೀಗೆ, ಒಬ್ಬರ ತಪ್ಪಿನಿಂದ ಅತಿ ಹೆಚ್ಚು ಜನರಿಗೆ ತೊಂದರೆಯಾಗುವ ಹುದ್ದೆಯಲ್ಲಿಯೇ ಆ ತಪ್ಪನ್ನು ಹೇಳುವ ಬಾಯಿ ಒಂದೂ ಉಳಿದಿರುವುದಿಲ್ಲ.

ಪರಿಣತಿ ಇದ್ದವರಿಗೂ ತಮ್ಮ ಬೆನ್ನು ತಮಗೆ ಕಾಣುವುದಿಲ್ಲ ಎಂಬುದಕ್ಕೆ ಬಾಸ್ಟನ್ನಿನ ಶಸ್ತ್ರವೈದ್ಯ, ಲೇಖಕ ಅತುಲ್ ಗವಾಂಡೆ ತಮ್ಮನ್ನೇ ಉದಾಹರಣೆಯಾಗಿ ಕೊಟ್ಟರು. ಭಾರತ ಮೂಲದ ವೈದ್ಯ ದಂಪತಿಯ ಮಗ ಅವರು. ತಾವು ಮಾಡುವ ಶಸ್ತ್ರಚಿಕಿತ್ಸೆಗಳ ಫಲಿತಾಂಶ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತಿರುವುದು ಅವರಿಗೆ ಅನುಭವಕ್ಕೆ ಬಂತು. ಆಗ ನಿವೃತ್ತರಾಗಿದ್ದ ತಮ್ಮ ಗುರು ರಾಬರ್ಟ್ ಆಸ್ಟೀನ್ ಅವರನ್ನು ಆಪರೇಷನ್ ಥಿಯೇಟರಿಗೆ ಕರೆದು, ‘ನನ್ನನ್ನು ಸುಮ್ಮನೆ ನೋಡುತ್ತಿರಿ’ ಎಂದು ಕೇಳಿಕೊಂಡರು. ಥೈರಾಯ್ಡ್ ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಹೇಳಲು ಏನಿರುತ್ತದೆ ಎಂದುಕೊಂಡೇ ಹೊರಬಂದ ಗವಾಂಡೆಗೆ ಆಸ್ಟೀನ್ ಒಂದು ಹಾಳೆ ತುಂಬ ಟಿಪ್ಪಣಿ ತೋರಿಸಿದರು. ಮೇಲಿನ ದೀಪ ಗಾಯದ ಜಾಗದಿಂದ ಸರಿದುಹೋಗಿತ್ತು. ಅದು ತಿಳಿಯದೆ ಬಹಳ ಹೊತ್ತು ಪ್ರತಿಫಲಿತ ಬೆಳಕಿನಲ್ಲೇ ಕತ್ತರಿ ಆಡಿಸಿದ್ದರು. ಮೊಣಕೈ ಆಗಾಗ ಭುಜದ ಎತ್ತರಕ್ಕೆ ಏಳುತ್ತಿತ್ತು. ಹಾಗೆ ಎದ್ದರೆ ಕೈಗೆ ನಿಖರತೆ ಇರುವುದಿಲ್ಲ. ಹೊದಿಸಿದ ಬಟ್ಟೆ ತಮಗೆ ಅನುಕೂಲವಾಗಿತ್ತು, ಎದುರಿಗಿದ್ದ ಸಹಾಯಕರಿಗೆ ಅಡ್ಡಿಯಾಗಿತ್ತು. 2011ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಗವಾಂಡೆ ಇದನ್ನೆಲ್ಲ ಬಿಚ್ಚಿಟ್ಟು ಬರೆದರು.

ಆ ಮೂರನೆಯ ಮಾತನ್ನು ನಾಯಕರಾದವರು ಇನ್ನೊಮ್ಮೆ ಓದಿಕೊಳ್ಳಬೇಕು. ನಮಗೆ ಅನುಕೂಲವಾಗಿ ಹೊದಿಸಿಕೊಂಡ ಬಟ್ಟೆ ಎದುರಿನವರ ಕೈಕಟ್ಟುತ್ತಿರುತ್ತದೆ. ಅದನ್ನು ಆ ಸಹಾಯಕರು ತಾವಾಗಿ ಹೇಳಿರಲಿಲ್ಲ.

ಗೂಗಲ್‌ನ ಕತೆಯೂ ಹೆಚ್ಚುಕಡಿಮೆ ಇದೇ. 2001ರಲ್ಲಿ ಕಂಪನಿಯ ಸಿಇಒ ಆಗಿ ಬಂದ ಎರಿಕ್ ಶ್ಮಿಟ್‌ಗೆ ಹೂಡಿಕೆದಾರ ಜಾನ್ ಡೋರ್ ‘ನಿಮಗೊಬ್ಬ ಕೋಚ್ ಬೇಕು’ ಎಂದಾಗ ಶ್ಮಿಟ್‌ಗೆ ಮುಜುಗರವಾಯಿತು. ಅಷ್ಟು ಅನುಭವ ಇರುವ ನನಗೇ? ಎಂಬ ಭಾವ. ಕೊನೆಗೆ ಬಂದವರು ಬಿಲ್ ಕ್ಯಾಂಪ್‌ಬೆಲ್. 1970ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದು, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು ಎಂಬ ದಾಖಲೆ ಬಿಟ್ಟು ಬಂದವರು. ಆದರೆ ಸ್ಟೀವ್ ಜಾಬ್ಸ್‌ರಿಂದ ಲ್ಯಾರಿ ಪೇಜ್‌ವರೆಗೆ ಸಿಲಿಕಾನ್ ಕಣಿವೆಯ ಘಟಾನುಘಟಿಗಳು ಅವರ ಮಾತಿಗೆ ಕಿವಿಗೊಟ್ಟರು. 2016ರಲ್ಲಿ ಕ್ಯಾಂಪ್‌ಬೆಲ್ ತೀರಿಕೊಂಡ ಮೇಲೆ ಶ್ಮಿಟ್ ಮತ್ತಿಬ್ಬರು ಸೇರಿ ಅವರ ಬಗ್ಗೆಯೇ ಪುಸ್ತಕ ಬರೆದರು. ಕೋಚ್ ಇಟ್ಟುಕೊಳ್ಳಿ ಎಂಬುದೇ ತಾನು ಪಡೆದ ಅತ್ಯುತ್ತಮ ಸಲಹೆ ಎಂದು ಅಂದು ಮುಖ ಸಿಂಡರಿಸಿದ್ದ ಶ್ಮಿಟ್ ಒಪ್ಪಿಕೊಂಡಿದ್ದಾರೆ.

ಆ ಒಂದು ಗಂಟೆಯಲ್ಲಿ ಏನಾಗುತ್ತದೆ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿ ಎಂದುಕೊಳ್ಳಿ. ಹನ್ನೆರಡು ವರ್ಷ ಕೋಡ್ ಬರೆದು, ಈಗ ನಲವತ್ತು ಜನರ ತಂಡಕ್ಕೆ ಮುಖ್ಯಸ್ಥೆಯಾದವರು ಕೋಚ್ ಎದುರು ಕೂತಿದ್ದಾರೆ. ಇದು ಕಲ್ಪಿಸಿಕೊಂಡ ಮಾತುಕತೆ, ಆದರೆ ಒಂದು ಸೆಷನ್ ಸಾಗುವ ರೀತಿ ಇದೇ.

‘ಟೀಮಲ್ಲಿ ಒಬ್ಬರೂ ಬಾಯಿ ಬಿಡಲ್ಲ ಸರ್. ಎಲ್ಲಾ ನಾನೇ ಹೇಳ್ಬೇಕು. ಜವಾಬ್ದಾರಿ ಅನ್ನೋದೇ ಇಲ್ಲ.’

‘ಹೋದ ವಾರದ ರಿವ್ಯೂ ಮೀಟಿಂಗ್ ನೆನಪಿದೆಯಾ? ಮೊದಲು ಮಾತಾಡಿದ್ದು ಯಾರು?’

‘ನಾನೇ. ಅಜೆಂಡಾ ಹೇಳ್ಬೇಕಲ್ಲ.’

‘ಆಮೇಲೆ?’

‘ರಿಲೀಸ್ ಯಾಕೆ ತಡ ಆಯ್ತು ಅಂತ ಕೇಳ್ದೆ. ಎಲ್ಲರೂ ಸುಮ್ನೆ ಕೂತಿದ್ರು.’

‘ಎಷ್ಟು ಹೊತ್ತು?’

‘ಎಷ್ಟು ಹೊತ್ತು ಅಂದ್ರೆ?’

‘ನೀವು ಕೇಳಿದ ಮೇಲೆ, ಮತ್ತೆ ನೀವೇ ಮಾತು ಶುರು ಮಾಡೋ ತನಕ.’

ಆಕೆ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾರೆ. ‘ಎರಡು ಸೆಕೆಂಡ್ ಇರಬಹುದು. ಆಮೇಲೆ ಕಾರಣ ನಾನೇ ಹೇಳಿಬಿಟ್ಟೆ. ನಂಗೆ ಗೊತ್ತಿತ್ತಲ್ಲ.’

ಕೋಚ್ ಏನೂ ಹೇಳುವುದಿಲ್ಲ.

‘ಅಂದ್ರೆ… ಅವರು ಮಾತಾಡೋ ಅಗತ್ಯನೇ ಇರ್ಲಿಲ್ಲ.’

‘ಮುಂದಿನ ಸಲ ಏನು ಬೇರೆ ಮಾಡಿ ನೋಡಬಹುದು?’

‘ಕೇಳಿ ಸುಮ್ಮನಿರಬಹುದು. ಮನಸ್ಸಲ್ಲೇ ಹತ್ತು ಎಣಿಸಬಹುದು.’

‘ಇನ್ನೇನು?’

‘ಪ್ರಶ್ನೆನ ಹಿಂದಿನ ದಿನವೇ ಕಳಿಸಬಹುದು. ಮೀಟಿಂಗ್ ಬೇರೆಯವರು ನಡೆಸಲಿ ಅನ್ನಬಹುದು.’

‘ಇದರಲ್ಲಿ ಯಾವುದು? ಯಾವತ್ತು?’

‘ಸೋಮವಾರ. ಹತ್ತು ಎಣಿಸ್ತೀನಿ.’

‘ಎಣಿಸಿದ್ರಿ ಅಂತ ನನಗೆ ಹೇಗೆ ಗೊತ್ತಾಗುತ್ತೆ?’

‘ಮಂಗಳವಾರ ಮೆಸೇಜ್ ಹಾಕ್ತೀನಿ.’

ವಿಟ್‌ಮೋರ್ ಹೇಳಿದ ನಾಲ್ಕೂ ಹೆಜ್ಜೆ ಇಲ್ಲಿವೆ: ಏನಾಗಬೇಕು, ಈಗ ಏನಾಗುತ್ತಿದೆ, ಯಾವ ಯಾವ ದಾರಿ ಇದೆ, ನಾನು ಏನು ಮಾಡುತ್ತೇನೆ. ‘ನೀವು ಜಾಸ್ತಿ ಮಾತಾಡ್ತೀರಿ, ಕಮ್ಮಿ ಮಾಡಿ’ ಎಂದು ಕೋಚ್ ಮೊದಲ ನಿಮಿಷದಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಆಕೆ ತಲೆಯಾಡಿಸಿ ಹೋಗುತ್ತಿದ್ದರು. ಈಗ ಆ ಎರಡು ಸೆಕೆಂಡು ಅವರೇ ಅಳೆದದ್ದು. ತಾವೇ ಅಳೆದದ್ದನ್ನು ಅಲ್ಲಗಳೆಯುವುದು ಕಷ್ಟ. ಕೋಚ್ ಸುಮ್ಮನಿದ್ದ ಆ ಗಳಿಗೆಯಲ್ಲೇ ಆಕೆಗೆ ಉತ್ತರ ಹೊಳೆದದ್ದನ್ನೂ ಗಮನಿಸಿ. ತಮ್ಮ ತಂಡಕ್ಕೆ ಅವರು ಕೊಡಬೇಕಾದದ್ದು ಅದೇ ಮೌನ.

ಸಂಸ್ಥೆಗೆ ಬರುವ ಲಾಭ

ಒಬ್ಬ ಮ್ಯಾನೇಜರ್ ಹತ್ತು ಎಣಿಸಲು ಕಲಿತರೆ ಸಂಸ್ಥೆಗೆ ಏನು ಬಂತು? ನಲವತ್ತು ಜನರ ತಲೆಯಲ್ಲಿದ್ದ ಮಾತು ಮೇಜಿನ ಮೇಲೆ ಬಂತು. ರಿಲೀಸ್ ತಡವಾಗಲು ಆಕೆಗೆ ಗೊತ್ತಿದ್ದ ಕಾರಣ ಒಂದು. ಗೊತ್ತಿಲ್ಲದ ಮೂರು ಕಾರಣ ತಂಡದಲ್ಲೇ ಇರಬಹುದು.

ಗೂಗಲ್ ತನ್ನೊಳಗೇ ನಡೆಸಿದ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಬ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ಮ್ಯಾನೇಜರುಗಳಿಂದ ನಿಜಕ್ಕೂ ಉಪಯೋಗ ಇದೆಯೇ ಎಂಬ ಅನುಮಾನದಿಂದ ಶುರುವಾದ ಆ ಅಧ್ಯಯನ, ಒಳ್ಳೆಯ ಮ್ಯಾನೇಜರಿನ ಎಂಟು ಗುಣಗಳನ್ನು ಪಟ್ಟಿ ಮಾಡಿತು. ಮೊದಲನೆಯದು ‘ಒಳ್ಳೆಯ ಕೋಚ್ ಆಗಿರುವುದು’. ತಾಂತ್ರಿಕ ಜ್ಞಾನಕ್ಕೆ ಸಿಕ್ಕಿದ್ದು ಕೊನೆಯ ಜಾಗ. ಚೆನ್ನಾಗಿ ಕೋಡ್ ಬರೆದವರನ್ನೇ ಬಡ್ತಿ ಕೊಟ್ಟು ಮ್ಯಾನೇಜರ್ ಮಾಡುವ ನಮ್ಮ ಐಟಿ ಕಂಪನಿಗಳು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿವೆಯೇನೋ ಅನಿಸುತ್ತದೆ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ 2014ರಲ್ಲಿ ಮೈಕ್ರೋಸಾಫ್ಟ್ ಚುಕ್ಕಾಣಿ ಹಿಡಿದಾಗ ಒಳಗಿನ ವಿಭಾಗಗಳು ಪರಸ್ಪರ ಗುದ್ದಾಟಕ್ಕೆ ಹೆಸರಾಗಿದ್ದವು. ಅವರು ಹಿರಿಯ ತಂಡದ ಸಭೆಗೆ ಮೈಕಲ್ ಜರ್ವೇ ಎಂಬ ಕ್ರೀಡಾ ಮನೋವಿಜ್ಞಾನಿಯನ್ನು ಕರೆಸಿದರು. ಅಸಾಧಾರಣವಾದ ಅನುಭವ ಯಾರಿಗೆ ಬೇಕು ಎಂದಾಗ ಎಲ್ಲರೂ ತಲೆಯಾಡಿಸಿದರಂತೆ; ಹಾಗಾದರೆ ಒಬ್ಬರು ಎದ್ದು ಬನ್ನಿ ಎಂದಾಗ ಮಾತ್ರ ಕೋಣೆ ಗಪ್‌ಚಿಪ್. ಜಗತ್ತಿನ ಅತಿ ದೊಡ್ಡ ಕಂಪನಿಯೊಂದನ್ನು ನಡೆಸುವವರು ಒಬ್ಬರೆದುರು ಒಬ್ಬರು ಎದ್ದು ನಿಲ್ಲಲು ಹಿಂಜರಿದರು. ಆ ಹಿಂಜರಿಕೆ ಏಕೆ ಎಂಬಲ್ಲಿಂದಲೇ ಮಾತು ಬೆಳೆದು, ನಾದೆಲ್ಲ ಸೇರಿದಂತೆ ಒಬ್ಬೊಬ್ಬರೂ ತಮ್ಮ ಮನೆಯ, ಬದುಕಿನ ಸಂಗತಿ ಹಂಚಿಕೊಂಡರು. 2017ರ ‘ಹಿಟ್ ರಿಫ್ರೆಶ್’ ಪುಸ್ತಕದ ಆರಂಭದಲ್ಲೇ ನಾದೆಲ್ಲ ಈ ಪ್ರಸಂಗ ಹೇಳಿದ್ದಾರೆ. ಮುಂದೆ ಕಂಪನಿ ತನ್ನ ಮ್ಯಾನೇಜರುಗಳಿಗೆ ಕೊಟ್ಟ ಸೂತ್ರ ಮೂರೇ ಪದ: ಮಾಡೆಲ್, ಕೋಚ್, ಕೇರ್. ಮೈಕ್ರೋಸಾಫ್ಟ್ ಚೇತರಿಸಿಕೊಂಡಿದ್ದು ಕೋಚಿಂಗ್ ಒಂದರಿಂದಲೇ ಎಂದರೆ ಉತ್ಪ್ರೇಕ್ಷೆಯಾದೀತು. ಮೇಲಿನವರು ತಾವೇ ಮೊದಲು ಕಲಿಯಲು ಕೂತರೆ ಕೆಳಗಿನವರಿಗೆ ಅದು ಕಾಣುತ್ತದೆ ಎಂಬುದು ಮಾತ್ರ ಅಲ್ಲಿ ನಿಜವಾಯಿತು.

ಅಂಕಿಗಳೂ ಇವೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದ ಒಂದು ಸರ್ಕಾರಿ ಸಂಸ್ಥೆಯ 31 ಮ್ಯಾನೇಜರುಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವನ್ನು ಕೋಚ್‌ಗಳು ತಮ್ಮ ಸ್ಲೈಡುಗಳಲ್ಲಿ ತಪ್ಪದೆ ತೋರಿಸುತ್ತಾರೆ. ಬರೀ ತರಬೇತಿಯಿಂದ ಉತ್ಪಾದಕತೆ ಶೇ 22.4ರಷ್ಟು ಏರಿತು, ಜೊತೆಗೆ ಎಂಟು ವಾರ ಕೋಚಿಂಗ್ ಕೊಟ್ಟಾಗ ಶೇ 88ಕ್ಕೆ ಮುಟ್ಟಿತು ಎನ್ನುತ್ತದೆ ಅದು. ಒಂದೇ ಸಂಸ್ಥೆ, 31 ಜನ. ಇಷ್ಟರ ಮೇಲೆ ನಿಮ್ಮ ಕಂಪನಿಯ ಬಜೆಟ್ ನಿರ್ಧಾರವಾಗಬಾರದು. ಹೆಚ್ಚು ನಂಬಬಹುದಾದದ್ದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಶ್ಲೇಷಣೆಗಳು. 2014 ಮತ್ತು 2016ರಲ್ಲಿ ಬಂದ ಅಂಥ ಎರಡೂ ವಿಶ್ಲೇಷಣೆಗಳು ಕೋಚಿಂಗ್‌ನಿಂದ ಸುಧಾರಣೆ ಇದೆ ಎಂದೇ ಹೇಳಿವೆ; ಕೆಲಸದ ಗುಣಮಟ್ಟ, ಒತ್ತಡ ನಿಭಾಯಿಸುವ ಶಕ್ತಿ, ಗುರಿ ಮುಟ್ಟುವ ಶಿಸ್ತು ಮೂರರಲ್ಲೂ ಅದನ್ನು ಕಂಡದ್ದು ಮೊದಲನೆಯದು. ಎರಡನೆಯದು ಇನ್ನೊಂದು ಕುತೂಹಲದ ಸಂಗತಿಯನ್ನೂ ಕಂಡಿತು: ಹೊರಗಿನಿಂದ ಬಂದ ಕೋಚ್‌ಗಿಂತ ಸಂಸ್ಥೆಯೊಳಗಿನ ಕೋಚ್‌ಗಳಿಂದಲೇ ಹೆಚ್ಚು ಪರಿಣಾಮ. ಹಾಕಿದ ರೂಪಾಯಿಗೆ ಐದು ಪಟ್ಟು, ಏಳು ಪಟ್ಟು ವಾಪಸ್ ಎಂದು ಯಾರಾದರೂ ಹೇಳಿದರೆ, ಆ ಲೆಕ್ಕವನ್ನು ಯಾರು ಬರೆದರು ಎಂದು ಕೇಳಿ.

ಕೋಚ್ ಆರಿಸುವಾಗ

ನಮ್ಮ ದೇಶದಲ್ಲಿ ‘ನಾನು ಕೋಚ್’ ಎಂದು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ. ನಿವೃತ್ತರಾದ ಮರುದಿನವೇ ಕೋಚ್ ಆದವರೂ ಇದ್ದಾರೆ. ಹಾಗಾಗಿ ನೋಡಿ ಆರಿಸುವ ಹೊಣೆ ನಿಮ್ಮದೇ.

ಮೊದಲ ಜರಡಿ ಪ್ರಮಾಣಪತ್ರ. ಐಸಿಎಫ್ ಮೂರು ಹಂತಗಳಲ್ಲಿ ಕೊಡುತ್ತದೆ. ಎಸಿಸಿ ಪಡೆಯಲು ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಪಿಸಿಸಿಗೆ 125 ಗಂಟೆ ತರಬೇತಿ, 500 ಗಂಟೆ ಅನುಭವ. ಎಂಸಿಸಿಗೆ 200 ಗಂಟೆ ತರಬೇತಿ, 2,500 ಗಂಟೆ ಅನುಭವ. ಕಾರು ಓಡಿಸುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಘಾಟಿಯಲ್ಲಿ ಚೆನ್ನಾಗಿ ಓಡಿಸುತ್ತಾರೆ ಎಂದೇನಿಲ್ಲ. ಆದರೂ ಲೈಸೆನ್ಸ್ ಇಲ್ಲದವರ ಪಕ್ಕ ಕೂರುವುದಕ್ಕಿಂತ ವಾಸಿ.

ನಿಮ್ಮದೇ ಕೆಲಸದಲ್ಲಿ ನಿಮಗಿಂತ ಹೆಚ್ಚು ಸಾಧಿಸಿದವರೇ ಆಗಬೇಕೆಂಬ ಹಟ ಬೇಡ. ಕ್ಯಾಂಪ್‌ಬೆಲ್ ಕೋಡ್ ಬರೆದವರಲ್ಲ. ನಮ್ಮ ರಾಹುಲ್ ದ್ರಾವಿಡ್ ಆಟಗಾರನಾಗಿ ವಿಶ್ವಕಪ್ ಎತ್ತಲಿಲ್ಲ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದ ಕೋಚ್ ಅವರೇ. ಉದ್ಯಮದ ಒಳಹೊರಗು ತಿಳಿದವರಿಗೆ ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂಬ ಚಟವೂ ಇರುತ್ತದೆ.

ಒಪ್ಪಿಕೊಳ್ಳುವ ಮುನ್ನ ಕನಿಷ್ಠ ಇಬ್ಬರು, ಮೂವರೊಡನೆ ಅರ್ಧ ಗಂಟೆ ಮಾತಾಡಿ. ಕೇಳಬೇಕಾದ ಪ್ರಶ್ನೆಗಳು ಇವು:

1. ನಿಮ್ಮ ತರಬೇತಿ ಎಲ್ಲಿ ಆಯಿತು? ಎಷ್ಟು ಗಂಟೆ ಕೋಚಿಂಗ್ ಮಾಡಿದ್ದೀರಿ?
2. ನನ್ನಂಥ ಹುದ್ದೆಯವರ ಜೊತೆ ಕೆಲಸ ಮಾಡಿದ್ದೀರಾ? ಹೆಸರು ಬೇಡ, ಅಲ್ಲಿ ಏನು ಬದಲಾಯಿತು ಹೇಳಿ. (ಹೆಸರು ಹೇಳಿಬಿಟ್ಟರೆ ಅವರನ್ನು ಅಲ್ಲೇ ಕೈಬಿಡಿ, ನಾಳೆ ನಿಮ್ಮ ಹೆಸರನ್ನೂ ಹೀಗೇ ಹೇಳುತ್ತಾರೆ.)
3. ಯಾವ ಸಂದರ್ಭದಲ್ಲಿ ಕೋಚಿಂಗ್ ಕೆಲಸ ಮಾಡಲಿಲ್ಲ? (ಎಂದೂ ಸೋತಿಲ್ಲ ಎಂದರೆ ನಂಬಬೇಡಿ.)
4. ಬದಲಾವಣೆಯನ್ನು ಹೇಗೆ ಅಳೆಯುತ್ತೀರಿ?
5. ನಡುವೆ ಹೊಂದಾಣಿಕೆಯಾಗದಿದ್ದರೆ ನಿಲ್ಲಿಸುವ ದಾರಿ ಏನು?
6. ನಾನು ಕನ್ನಡದಲ್ಲಿ ಮಾತಾಡಬಹುದೇ?

ಕೊನೆಯ ಪ್ರಶ್ನೆ ಸಣ್ಣದೆನಿಸಬಹುದು. ಪವರ್‌ಪಾಯಿಂಟ್ ಇಂಗ್ಲಿಷಿನಲ್ಲಿರಲಿ, ಅವಮಾನ, ಭಯ, ಹೊಟ್ಟೆಯುರಿ ನಮಗೆ ಆಗುವುದು ನಮ್ಮ ಭಾಷೆಯಲ್ಲೇ. ‘ಐ ಫೀಲ್ ಅಂಡರ್‌ವ್ಯಾಲ್ಯೂಡ್’ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು ‘ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಎಂದಾಗಲೇ ಮಾತು ಬೇರಿಗೆ ಮುಟ್ಟುವುದು.

ಆ ಅರ್ಧ ಗಂಟೆಯಲ್ಲಿ ಯಾರು ಎಷ್ಟು ಮಾತಾಡಿದರು ಎಂಬುದನ್ನೂ ಗಮನಿಸಿ. ಕೋಚೇ ತಮ್ಮ ಪುರಾಣ ಬಿಚ್ಚಿದ್ದರೆ, ಮುಂದಿನ ಆರು ತಿಂಗಳೂ ನೀವು ಶ್ರೋತೃ.

ಕಾಗದದ ಮೇಲೆ ಇರಬೇಕಾದದ್ದು

ಕಂಪನಿ ಹಣ ಕೊಡುವಾಗ ಇಲ್ಲಿ ಮೂವರಿರುತ್ತಾರೆ: ಕಲಿಯುವವರು, ಕೋಚ್, ಹಣ ಕೊಡುವ ಸಂಸ್ಥೆ. ಜಗಳ ಹುಟ್ಟುವುದು ಈ ಮೂಲೆಯಲ್ಲೇ. ಹಣ ಕೊಟ್ಟ ಎಚ್‌ಆರ್‌ಗೆ ‘ಏನು ಮಾತಾಡಿದರು?’ ಎಂಬ ಕುತೂಹಲ. ಮಾತಾಡಿದವರಿಗೆ ‘ಎಲ್ಲಿ ಹೇಳಿಬಿಡುತ್ತಾರೋ’ ಎಂಬ ಅಳುಕು. ಅಳುಕಿದ್ದ ಕಡೆ ನಿಜ ಹೊರಬರುವುದಿಲ್ಲ. ಮೂವರೂ ಒಟ್ಟಿಗೆ ಕೂತು ಒಂದು ಪುಟದಲ್ಲಿ ಬರೆದುಕೊಳ್ಳಿ: ಗುರಿ ಏನು, ಎಷ್ಟು ಸೆಷನ್, ಸಂಸ್ಥೆಗೆ ಯಾವ ಮಾಹಿತಿ ಹೋಗುತ್ತದೆ, ಯಾವುದು ಹೋಗುವುದಿಲ್ಲ. ಸಾಮಾನ್ಯವಾಗಿ ಎಷ್ಟು ಸೆಷನ್ ಆಯಿತು, ಗುರಿಯ ಕಡೆ ಎಷ್ಟು ಸಾಗಿದೆ ಎಂಬಿಷ್ಟು ಸಂಸ್ಥೆಗೆ; ಒಳಗಿನ ಮಾತು ಆ ಇಬ್ಬರಿಗೇ.

ಶುಲ್ಕ ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಅಥವಾ ಇಡೀ ಅವಧಿಗೆ ಒಂದೇ ಮೊತ್ತವಾಗಿ ಇರುತ್ತದೆ, ಒಬ್ಬರಿಂದೊಬ್ಬರಿಗೆ ಅಜಗಜಾಂತರ. ಮೊತ್ತದ ಜೊತೆಗೆ ರದ್ದಾದ ಸೆಷನ್‌ಗೆ ಹಣ ಇದೆಯೇ, ಸೆಷನ್‌ಗಳ ನಡುವೆ ಫೋನ್ ಮಾಡಬಹುದೇ, ಸಹೋದ್ಯೋಗಿಗಳೊಡನೆ ನಡೆಸುವ ಮಾತುಕತೆ ಇದರಲ್ಲೇ ಸೇರಿದೆಯೇ ಎಂದು ಕೇಳಿಕೊಳ್ಳಿ. ಹೆಸರಾಂತ ಅಮೆರಿಕನ್ ಕೋಚ್ ಮಾರ್ಷಲ್ ಗೋಲ್ಡ್‌ಸ್ಮಿತ್, ಕಲಿತವರು ಸುಧಾರಿಸಿದ್ದಾರೆ ಎಂದು ಜೊತೆಗಾರರು ಹೇಳದಿದ್ದರೆ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ ಎಂಬ ಕರಾರಿಗೆ ಪ್ರಸಿದ್ಧರು. ಎಲ್ಲ ಕೋಚ್‌ಗಳಿಂದ ಅದನ್ನು ನಿರೀಕ್ಷಿಸಲಾಗದು. ಆದರೆ ತೀರ್ಪು ಕೊಡಬೇಕಾದವರು ಯಾರು ಎಂಬುದನ್ನು ಆ ಕರಾರು ಸರಿಯಾಗಿ ಹಿಡಿದಿದೆ.

ಆರು ತಿಂಗಳ ದಾರಿ

ವಾಡಿಕೆಯ ಅವಧಿ ಆರು ತಿಂಗಳು, ಎರಡು ಮೂರು ವಾರಕ್ಕೊಂದು ಸೆಷನ್.

ಮೊದಲ ತಿಂಗಳು: ಕೋಚ್ ನಿಮ್ಮ ಜೊತೆಗಾರರು, ಕೈಕೆಳಗಿನವರು, ಮೇಲಧಿಕಾರಿ ಸೇರಿ ಆರೆಂಟು ಜನರನ್ನು ಮಾತಾಡಿಸುತ್ತಾರೆ. ಅದರ ಸಾರ ನಿಮ್ಮ ಕೈಗೆ ಬರುತ್ತದೆ. ಓದಿದ ರಾತ್ರಿ ನಿದ್ದೆ ಬರದಿದ್ದರೆ ಆಶ್ಚರ್ಯವಿಲ್ಲ. ಯಾರು ಹೇಳಿರಬಹುದು ಎಂದು ಪತ್ತೇದಾರಿಕೆ ಮಾಡಲು ಮಾತ್ರ ಹೋಗಬೇಡಿ.

ಎರಡನೇ ತಿಂಗಳು: ಒಂದು ಅಥವಾ ಎರಡು ನಡವಳಿಕೆ ಆರಿಸಿಕೊಳ್ಳಿ. ‘ಒಳ್ಳೆಯ ನಾಯಕನಾಗಬೇಕು’ ಎಂಬುದು ಹೊಸ ವರ್ಷದ ಸಂಕಲ್ಪ. ‘ಮೀಟಿಂಗ್‌ನಲ್ಲಿ ಇನ್ನೊಬ್ಬರ ಮಾತು ಮುಗಿಯುವವರೆಗೆ ಬಾಯಿ ಹಾಕುವುದಿಲ್ಲ’ ಎಂಬುದು ಗುರಿ. ಎದುರಿಗಿದ್ದವರು ಕಣ್ಣಾರೆ ಕಾಣುವಂತಿರಬೇಕು.

ಮೂರರಿಂದ ಐದು: ಆರಿಸಿಕೊಂಡದ್ದನ್ನು ಜೊತೆಗಾರರಿಗೆ ಬಾಯಿಬಿಟ್ಟು ಹೇಳಿ. ತಿಂಗಳಿಗೊಮ್ಮೆ ‘ಹೇಗಿದೆ? ಮುಂದಿನ ತಿಂಗಳಿಗೆ ಒಂದು ಸಲಹೆ ಕೊಡಿ’ ಎಂದು ಕೇಳಿ. ಗೋಲ್ಡ್‌ಸ್ಮಿತ್ ಮತ್ತು ಹೊವಾರ್ಡ್ ಮಾರ್ಗನ್ ಎಂಟು ಕಂಪನಿಗಳ 11,000ಕ್ಕೂ ಹೆಚ್ಚು ಮ್ಯಾನೇಜರುಗಳ ಮಾಹಿತಿ ಜಾಲಾಡಿ 2004ರಲ್ಲಿ ಬರೆದ ಲೇಖನದ ತಿರುಳು ಇದೇ: ಹೀಗೆ ಬಿಡದೆ ಕೇಳಿದವರು ಸುಧಾರಿಸಿದ್ದಾರೆಂದು ಸುತ್ತಲಿನವರು ಹೇಳಿದರು, ತರಬೇತಿ ಮುಗಿಸಿ ಸುಮ್ಮನಾದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಆರನೇ ತಿಂಗಳು: ಅದೇ ಆರೆಂಟು ಜನರನ್ನು ಮತ್ತೆ ಕೇಳಿ. ‘ನಾನು ಬದಲಾಗಿದ್ದೇನೆ’ ಎಂಬ ನಿಮ್ಮ ಅನಿಸಿಕೆಗೆ ಇಲ್ಲಿ ಬೆಲೆ ಕಡಿಮೆ. ನಿಮ್ಮ ಕೆಳಗಿನ ಒಬ್ಬ ಟೀಮ್ ಲೀಡ್ ‘ಈಗ ಮಾತಾಡೋಕೆ ಆಗುತ್ತೆ’ ಎಂದರೆ ಹಾಕಿದ ಹಣ ಬಂದಂತೆ. ಅವಧಿ ಮುಗಿದ ಮೇಲೂ ಕೋಚ್ ಇಲ್ಲದೆ ಯಾವ ನಿರ್ಧಾರವೂ ಆಗುತ್ತಿಲ್ಲವಾದರೆ ಅದು ಕೋಚಿಂಗ್‌ನ ಸೋಲು. ಬೃಹನ್ನಳೆ ಬಿಲ್ಲು ಹಿಡಿದಿದ್ದಾಗಿದೆ.

ಇಂಥ ಕಡೆ ಬೇಡ

ಬಡ್ತಿ ಕೊಡಬಾರದೆಂದು ನಿರ್ಧರಿಸಿದ ಮೇಲೆ, ಅಥವಾ ಕೆಲಸದಿಂದ ತೆಗೆಯುವ ಮುನ್ನ ‘ಎಲ್ಲಾ ಪ್ರಯತ್ನ ಮಾಡಿದೆವು’ ಎಂದು ತೋರಿಸಲು ಕೋಚ್ ಇಡುವುದು ಹಣಕ್ಕೂ ದಂಡ, ಮನುಷ್ಯರಿಗೂ ಅವಮಾನ. ಸಮಸ್ಯೆ ವ್ಯವಸ್ಥೆಯದಾಗಿದ್ದರೂ ಬೇಡ: ಇಬ್ಬರು ಮಾಡುವ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ‘ಟೈಮ್ ಮ್ಯಾನೇಜ್‌ಮೆಂಟ್‌ಗೆ ಕೋಚಿಂಗ್ ತಗೊಳ್ಳಿ’ ಎಂದರೆ ಗಾಯ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ. ಕಿರುಕುಳದ ದೂರು ಬಂದವರಿಗೆ ಬೇಕಾದದ್ದು ವಿಚಾರಣೆ.

ಎಲ್ಲಕ್ಕಿಂತ ಮುಖ್ಯವಾಗಿ, ಕೋಚ್ ಮನೋವೈದ್ಯರಲ್ಲ. ಮನೋವಿಜ್ಞಾನಿ ಸ್ಟೀವನ್ ಬರ್ಗ್ಲಾಸ್ 2002ರಲ್ಲೇ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ, ಒಳಗಿನ ಮಾನಸಿಕ ತೊಂದರೆಯನ್ನು ಗುರುತಿಸಲಾಗದ ಕೋಚ್‌ಗಳಿಂದ ಕೇಡೇ ಹೆಚ್ಚು ಎಂದು ಎಚ್ಚರಿಸಿದ್ದರು. ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಕುಡಿತ ಕೈಮೀರುತ್ತಿದೆ ಎಂದಾದರೆ ಮೊದಲು ವೈದ್ಯರ ಬಳಿ ಹೋಗಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಅಷ್ಟು ದುಡ್ಡಿಲ್ಲದವರಿಗೆ

ಪೀಣ್ಯದಲ್ಲಿ ಇಪ್ಪತ್ತು ಜನರ ವರ್ಕ್‌ಶಾಪ್ ನಡೆಸುವವರಿಗೆ, ದಾವಣಗೆರೆಯಲ್ಲಿ ಅಪ್ಪ ಕಟ್ಟಿದ ಅಂಗಡಿಗೆ ಬಂದು ಕೂತ ಮಗಳಿಗೆ, ಸರ್ಕಾರಿ ಶಾಲೆಯ ಹೊಸ ಹೆಡ್‌ಮಾಸ್ಟರಿಗೆ ಇದೆಲ್ಲ ಕೈಗೆಟುಕದ ಮಾತೆನಿಸಬಹುದು. ಒಳಗಿನ ಕೋಚ್‌ಗಳೇ ಹೆಚ್ಚು ಪರಿಣಾಮಕಾರಿ ಎಂಬ ಆ ಅಧ್ಯಯನ ಇಲ್ಲಿ ನೆನಪಿರಲಿ: ಹಣ ಕೊಟ್ಟು ಹೊರಗಿನಿಂದ ಕರೆಸಿದವರೇ ಬೇಕೆಂದಿಲ್ಲ. ಬೇರೆ ಬೇರೆ ಕೆಲಸದ ಮೂವರು ತಿಂಗಳಿಗೊಮ್ಮೆ ಕಾಫಿಗೆ ಕೂರಿ. ಒಬ್ಬರು ತಮ್ಮ ತೊಡಕು ಹೇಳಲಿ, ಎರಡನೆಯವರು ಕೇಳಲಿ, ಮೂರನೆಯವರು ಗಡಿಯಾರ ನೋಡಲಿ. ತಲಾ ಅರ್ಧ ಗಂಟೆ. ಮೊದಲ ಇಪ್ಪತ್ತು ನಿಮಿಷ ಸಲಹೆ ಕೊಡುವಂತಿಲ್ಲ, ಪ್ರಶ್ನೆ ಮಾತ್ರ. ಇದೊಂದೇ ನಿಯಮ, ಮತ್ತು ಪಾಲಿಸಲು ಅತಿ ಕಷ್ಟವಾದದ್ದೂ ಇದೇ. ಒಬ್ಬರು ಗೋಳು ಹೇಳುತ್ತಿದ್ದಂತೆ ‘ನನಗೂ ಹೀಗೇ ಆಗಿತ್ತು, ನೀವೊಂದು ಕೆಲಸ ಮಾಡಿ…’ ಎಂದು ಶುರುಮಾಡದೆ ಇರುವುದು ನಮಗೆ ಹುಟ್ಟಿನಿಂದ ಬಂದದ್ದಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರ ಅಮೆರಿಕದ ಸಿಇಒಗಳ ಪೈಕಿ ಮೂರನೇ ಎರಡರಷ್ಟು ಮಂದಿಗೆ ಹೊರಗಿನ ಕೋಚ್ ಇರಲಿಲ್ಲ. ಬದಲಾಗಲು ಸಿದ್ಧರಿದ್ದೀರಾ ಎಂದರೆ ಎಲ್ಲರೂ ಹೂಂ ಎಂದಿದ್ದರು. ಹೂಂ ಎನ್ನುವುದಕ್ಕೂ ಶುರುಮಾಡುವುದಕ್ಕೂ ಇರುವ ದೂರ ಅಷ್ಟು.

ಶುರುಮಾಡಲು ಒಂದು ಪೈಸೆ ಬೇಡ. ಮುಂದಿನ ಮೀಟಿಂಗ್‌ನಲ್ಲಿ ಹಾಳೆಯ ಮೂಲೆಯಲ್ಲಿ ಎಲ್ಲರ ಹೆಸರು ಬರೆದುಕೊಂಡು, ಯಾರು ಮಾತಾಡಿದರೂ ಅವರ ಹೆಸರಿನ ಮುಂದೆ ಒಂದು ಗೆರೆ ಎಳೆಯಿರಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಏಳಕ್ಕೆ ಬರುವಷ್ಟರಲ್ಲಿ ಬಾಯಿ ತುರಿಸುತ್ತದೆ, ತಡೆಯಿರಿ. ಎಂಟಕ್ಕೋ ಒಂಬತ್ತಕ್ಕೋ, ಇಷ್ಟು ದಿನ ಮಾತಾಡದೇ ಇದ್ದ ಯಾರೋ ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ.